ಲಕ್ಸೆಂಬರ್ಗ್: ಹೊತ್ತಿಗೊಂದು ಭಾಷೆಯ ನಾಡು

ಸ್ವಿಟ್ಜರ್ಲೆಂಡಿನಲ್ಲಿ ರೈಲು ಹತ್ತಿ ಕೂತರೆ, ಎಲ್ಲೋ ಒಂದು ಕಡೆ ನಿಲ್ದಾಣದ ಫಲಕಗಳು ಜರ್ಮನ್‌ನಿಂದ ಫ್ರೆಂಚಿಗೆ ತಿರುಗುತ್ತವೆ. ಬೆಲ್ಜಿಯಂನಲ್ಲಿ ಡಚ್ ಸೀಮೆ ಎಲ್ಲಿಗೆ ಮುಗಿಯಿತು, ಫ್ರೆಂಚ್ ಸೀಮೆ ಎಲ್ಲಿಂದ ಶುರುವಾಯಿತು ಎಂದು ಕಾನೂನೇ ಗೆರೆ ಎಳೆದಿಟ್ಟಿದೆ. ಇವೆರಡರ ನೆರೆಹೊರೆಯಲ್ಲೇ ಇರುವ ಲಕ್ಸೆಂಬರ್ಗಿನಲ್ಲಿ ಅಂಥ ಗೆರೆ ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ಮೂರು ಭಾಷೆಗಳು ಇಡೀ ದೇಶದಲ್ಲಿವೆ, ಪ್ರತಿ ಬೀದಿಯಲ್ಲಿವೆ, ಹೆಚ್ಚಿನ ಮನೆಗಳಲ್ಲೂ ಇವೆ. ಅವು ಹಂಚಿಕೊಂಡಿರುವುದು ನೆಲವನ್ನಲ್ಲ, ಹೊತ್ತನ್ನು ಮತ್ತು ಕೆಲಸವನ್ನು. ಕಾನೂನಿಗೆ ಒಂದು, ಪತ್ರಿಕೆಗೆ ಒಂದು, ಜಗಳಕ್ಕೂ ಪ್ರೀತಿಗೂ ಇನ್ನೊಂದು.

ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಎಂದು ಯುರೋಪ್ ಪ್ರವಾಸ ಹೋಗುವ ನಮ್ಮವರಲ್ಲಿ ಅನೇಕರು ಈ ದೇಶವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಎರಡು ತಾಸು ನಿಲ್ಲಿಸಿ ಒಂದು ಫೋಟೋ, ಒಂದು ಕಾಫಿ. ಕನಿಷ್ಠ ಮೂರು ದಿನವಾದರೂ ಇಲ್ಲಿ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಣ್ಣಿಗಿಂತ ಹೆಚ್ಚಾಗಿ ಕಿವಿ ತೆರೆದುಕೊಂಡು ತಿರುಗಬೇಕಾದ ದೇಶವಿದು.

ನಕ್ಷೆಯಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವ ದೇಶ

ಲಕ್ಸೆಂಬರ್ಗಿನ ವಿಸ್ತೀರ್ಣ 2,586 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ದೊಡ್ಡದು. ಕೊಡಗಿನ ಮೂರನೇ ಎರಡು ಪಾಲಿನಷ್ಟೂ ಇಲ್ಲ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 82 ಕಿಲೋಮೀಟರ್, ಅಗಲ 57 ಕಿಲೋಮೀಟರ್. ಪಶ್ಚಿಮ ಮತ್ತು ಉತ್ತರಕ್ಕೆ ಬೆಲ್ಜಿಯಂ, ಪೂರ್ವಕ್ಕೆ ಜರ್ಮನಿ, ದಕ್ಷಿಣಕ್ಕೆ ಫ್ರಾನ್ಸ್. ಸಮುದ್ರವಿಲ್ಲ. ಉತ್ತರದಲ್ಲಿ ಆರ್ಡೆನ್ ಬೆಟ್ಟಗಳ ಕಾಡು, ಪೂರ್ವದಲ್ಲಿ ಮೊಸೆಲ್ ನದಿಯ ದಂಡೆಗುಂಟ ದ್ರಾಕ್ಷಿ ತೋಟ, ದಕ್ಷಿಣದಲ್ಲಿ ಕಬ್ಬಿಣದ ಅದಿರಿನ ಕೆಂಪು ಮಣ್ಣು.

ಜಗತ್ತಿನಲ್ಲಿ ಗ್ರ್ಯಾಂಡ್ ಡ್ಯೂಕ್ ಪದವಿಯ ಅರಸು ಇರುವ ಸ್ವತಂತ್ರ ದೇಶ ಈಗ ಇದೊಂದೇ. 2025ರ ಅಕ್ಟೋಬರ್ 3ರಂದು ಹೆನ್ರಿ ಅವರು ಪಟ್ಟ ಬಿಟ್ಟುಕೊಟ್ಟು, ಮಗ ಗಿಯೋಮ್ ಗ್ರ್ಯಾಂಡ್ ಡ್ಯೂಕ್ ಆದರು. ಜನಸಂಖ್ಯೆ ಸುಮಾರು 6.8 ಲಕ್ಷ. ಅದರಲ್ಲಿ ಶೇಕಡಾ 47ರಷ್ಟು ಜನ ವಿದೇಶಿ ಪ್ರಜೆಗಳು. ರಾಜಧಾನಿಯಲ್ಲಂತೂ ಹತ್ತರಲ್ಲಿ ಏಳು ಮಂದಿ ಹೊರಗಿನವರು. ಇದು ಸಾಲದೆಂಬಂತೆ ದಿನಾ ಬೆಳಿಗ್ಗೆ 2 ಲಕ್ಷಕ್ಕೂ ಹೆಚ್ಚು ಜನ ಮೂರೂ ಗಡಿಗಳಿಂದ ಕೆಲಸಕ್ಕೆ ಬಂದು ಸಂಜೆ ತಮ್ಮ ತಮ್ಮ ದೇಶಗಳಿಗೆ ಮರಳುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫ್ರಾನ್ಸಿನವರು. ಅಂಗಡಿಗೆ, ಹೋಟೆಲಿಗೆ ಹೋದಾಗ ನಿಮಗೆ ಮೊದಲು ಫ್ರೆಂಚ್ ಕೇಳಿಸುವುದಕ್ಕೆ ಇದೇ ಮುಖ್ಯ ಕಾರಣ.

ಫ್ರೆಂಚ್ ಉಳಿದುಕೊಂಡದ್ದು ಹೇಗೆ

ಈ ನೆಲದ ಸ್ವಂತ ಮಾತು ಲಕ್ಸೆಂಬರ್ಗಿಶ್. ಮೊಸೆಲ್ ನದಿಯ ಎರಡೂ ದಂಡೆಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿದ್ದ ಜರ್ಮನ್ ಬಳಗದ ಆಡುನುಡಿಯಿಂದ ಬೆಳೆದದ್ದು. ಹಾಗಿದ್ದರೆ ಬರವಣಿಗೆಗೆ ಜರ್ಮನ್ ಬಂದದ್ದು ಸಹಜ ಎನ್ನಬಹುದು. ಫ್ರೆಂಚ್ ಹೇಗೆ ಬಂತು?

ಹಳೆಯ ಲಕ್ಸೆಂಬರ್ಗ್ ಇವತ್ತಿಗಿಂತ ಬಹಳ ದೊಡ್ಡದಿತ್ತು. 1659ರಲ್ಲಿ ದಕ್ಷಿಣದ ತುಂಡು ಫ್ರಾನ್ಸಿಗೆ ಹೋಯಿತು. 1815ರಲ್ಲಿ ಪೂರ್ವದ ತುಂಡು ಪ್ರಷ್ಯಾಕ್ಕೆ ಹೋಯಿತು. 1839ರಲ್ಲಿ, ಎಲ್ಲಕ್ಕಿಂತ ದೊಡ್ಡದಾದ ಪಶ್ಚಿಮದ ಭಾಗ ಬೆಲ್ಜಿಯಂ ಪಾಲಾಯಿತು. ಬೆಲ್ಜಿಯಂನಲ್ಲಿ ಇಂದಿಗೂ ಲಕ್ಸೆಂಬರ್ಗ್ ಎಂಬ ಪ್ರಾಂತವಿದೆ. ಅದು ಈ ದೇಶಕ್ಕಿಂತ ದೊಡ್ಡದು. ಫ್ರೆಂಚ್ ಮಾತಾಡುವ ಹಳ್ಳಿಗಳೆಲ್ಲ ಆ 1839ರ ಪಾಲಿನಲ್ಲಿ ಹೊರಗೆ ಹೋದವು. ಉಳಿದ ಜನರೆಲ್ಲ ಮನೆಯಲ್ಲಿ ಜರ್ಮನ್ ಬಳಗದ ನುಡಿಯನ್ನೇ ಆಡುವವರು. ಅಲ್ಲಿಗೆ ಫ್ರೆಂಚ್ ಕೂಡ ಮಾಯವಾಗಬೇಕಿತ್ತು. ಆಗಲಿಲ್ಲ.

ನೆಪೋಲಿಯನ್ ಕಾಲದಲ್ಲಿ ಬಂದ ಕಾನೂನು ಸಂಹಿತೆ ಫ್ರೆಂಚಿನಲ್ಲಿತ್ತು. ವಕೀಲರು, ಅಧಿಕಾರಿಗಳು, ಪಟ್ಟಣದ ಸಿರಿವಂತರು ಕಾಗದಪತ್ರ ನಡೆಸುತ್ತಿದ್ದದ್ದು ಫ್ರೆಂಚಿನಲ್ಲೇ. ಪ್ರಷ್ಯಾದ ಸೈನ್ಯ ರಾಜಧಾನಿಯ ಕೋಟೆಯಲ್ಲೇ ಬೀಡುಬಿಟ್ಟಿದ್ದ ಆ ದಿನಗಳಲ್ಲಿ, ಜರ್ಮನಿಯೊಳಗೆ ಕರಗಿಹೋಗದಿರಲು ಫ್ರೆಂಚ್ ಒಂದು ಆಸರೆಯೂ ಆಗಿತ್ತು. 1843ರ ಶಿಕ್ಷಣ ಕಾಯ್ದೆ ಪ್ರಾಥಮಿಕ ಶಾಲೆಯಲ್ಲೇ ಜರ್ಮನ್ ಜೊತೆಗೆ ಫ್ರೆಂಚ್ ಕಲಿಸಬೇಕೆಂದು ವಿಧಿಸಿತು. ರೈತನ ಮಗನೂ ಎರಡು ದೊಡ್ಡ ಭಾಷೆಗಳನ್ನು ಕಲಿಯತೊಡಗಿದ್ದು ಅಲ್ಲಿಂದ. ತನ್ನದೇ ಮಾತು ಶಾಲೆಯ ಪಾಠವಾಗಲು ಮಾತ್ರ ಅವನ ಮೊಮ್ಮಗನ ಕಾಲದವರೆಗೆ ಕಾಯಬೇಕಾಯಿತು: 1912.

ಲಕ್ಸೆಂಬರ್ಗಿಶ್ ‘ರಾಷ್ಟ್ರಭಾಷೆ’ ಎಂದು ಕಾನೂನಿನಲ್ಲಿ ಬರೆದದ್ದು 1984ರ ಫೆಬ್ರವರಿ 24ರಂದು. ಅದೇ ಕಾನೂನು ಶಾಸನಗಳನ್ನು ಫ್ರೆಂಚಿನಲ್ಲಿ ಬರೆಯಬೇಕು ಎಂದಿತು. ಆಡಳಿತಕ್ಕೂ ನ್ಯಾಯಾಲಯಕ್ಕೂ ಮೂರೂ ಭಾಷೆ ಆಗುತ್ತದೆ ಎಂದಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ: ಪ್ರಜೆ ಯಾವ ಭಾಷೆಯಲ್ಲಿ ಅರ್ಜಿ ಬರೆದನೋ, ಸಾಧ್ಯವಾದಮಟ್ಟಿಗೆ ಅದೇ ಭಾಷೆಯಲ್ಲಿ ಕಚೇರಿ ಉತ್ತರ ಕೊಡಬೇಕು. ತಿಳಿಯದ ಭಾಷೆಯ ಫಾರಂ ಹಿಡಿದು ಕಿಟಕಿಯ ಮುಂದೆ ನಿಂತು ದಣಿದವರಿಗೆ ಈ ಸಾಲಿನ ಬೆಲೆ ಗೊತ್ತು.

ಯಾವುದಕ್ಕೆ ಯಾವ ಭಾಷೆ

ರಾಜಧಾನಿಯ ಯಾವುದಾದರೂ ಬೇಕರಿಯಲ್ಲಿ ಬೆಳಿಗ್ಗೆ ಹತ್ತು ನಿಮಿಷ ಕೂರಿ. ಅಜ್ಜಿಯೊಬ್ಬರು ‘ಮೊಯೆನ್’ ಎನ್ನುತ್ತಾ ಒಳಗೆ ಬರುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾವಾಗಲೂ ಸಲ್ಲುವ ಲಕ್ಸೆಂಬರ್ಗಿನ ನಮಸ್ಕಾರ ಅದು. ಗಲ್ಲಾದ ಹುಡುಗಿ ಫ್ರಾನ್ಸಿನ ಗಡಿಯೂರಿನಿಂದ ಬಂದವಳು. ಅವಳಿಗೆ ‘ಎರಡು ಬ್ರೆಡ್, ಒಂದು ಹೋಳು ಕೇಕ್’ ಎಂದು ಅಜ್ಜಿ ಹೇಳುವುದು ಫ್ರೆಂಚಿನಲ್ಲಿ. ಹಿಂದೆ ನಿಂತ ಪರಿಚಯದವರೊಡನೆ ಮಳೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಆಡುವ ಮಾತು ಲಕ್ಸೆಂಬರ್ಗಿಶ್. ಕಂಕುಳಲ್ಲಿ ಮಡಚಿಕೊಂಡ ದಿನಪತ್ರಿಕೆ ಜರ್ಮನ್. ಅಷ್ಟರಲ್ಲಿ ಬಿಸಿ ಟ್ರೇ ಹೊತ್ತು ಒಳಗಿನಿಂದ ಬಂದವರು ಸಹೋದ್ಯೋಗಿಯನ್ನು ಕೂಗುವುದು ಪೋರ್ಚುಗೀಸಿನಲ್ಲಿ. ಯಾರೂ ಭಾಷೆ ಬದಲಿಸಿದೆವೆಂದು ಗಮನಿಸುವುದೂ ಇಲ್ಲ.

ಇದರ ಹಿಂದೆ ಒಂದು ಕ್ರಮವಿದೆ. ಸಂಸತ್ತಿನಲ್ಲಿ ಚರ್ಚೆ ನಡೆಯುವುದು ಲಕ್ಸೆಂಬರ್ಗಿಶ್‌ನಲ್ಲಿ; ಚರ್ಚೆ ಮುಗಿದು ಅಂಗೀಕಾರವಾಗುವ ಕಾನೂನು ಇರುವುದು ಫ್ರೆಂಚಿನಲ್ಲಿ. ನ್ಯಾಯಾಲಯದಲ್ಲಿ ಮಾತು ಲಕ್ಸೆಂಬರ್ಗಿಶ್ ಆದರೂ ತೀರ್ಪು ಬರೆಯುವುದು ಫ್ರೆಂಚಿನಲ್ಲಿ. 1848ರಲ್ಲಿ ಶುರುವಾದ ‘ಲುಕ್ಸೆಂಬುರ್ಗರ್ ವೋರ್ಟ್’ ಪತ್ರಿಕೆ ಮುಖ್ಯವಾಗಿ ಜರ್ಮನ್. ಆದರೆ ಅದರ ಪುಟ ತಿರುಗಿಸುತ್ತಾ ಹೋದರೆ ನಡುವೆ ಫ್ರೆಂಚ್ ಲೇಖನ ಎದುರಾಗುತ್ತದೆ, ನಿಧನ ವಾರ್ತೆಯ ಪುಟಕ್ಕೆ ಬಂದರೆ ಲಕ್ಸೆಂಬರ್ಗಿಶ್. ತೀರಿಕೊಂಡ ತಂದೆಯ ಬಗ್ಗೆ ಮಕ್ಕಳು ಬರೆಯುವಾಗ ಮನೆಮಾತೇ ಬೇಕಾಗುತ್ತದೆ. ದೂರದರ್ಶನದ ಸಂಜೆಯ ವಾರ್ತೆಯೂ ಮನೆಮಾತಿನಲ್ಲೇ.

ಮಂಗಳೂರಿನ ಕಡೆಯವರಿಗೆ ಇದು ತೀರ ಹೊಸತೆನಿಸದು. ಮನೆಯಲ್ಲಿ ತುಳು, ಶಾಲೆಯಲ್ಲಿ ಮತ್ತು ಪತ್ರಿಕೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಪಕ್ಕದ ಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ. ತುಳುವಿಗೆ ಇನ್ನೂ ಸಿಗದ ಒಂದು ಜಾಗ ಮಾತ್ರ ಲಕ್ಸೆಂಬರ್ಗಿಶ್‌ಗೆ ಸಿಕ್ಕಿದೆ: ಒಂದು ದೇಶದ ಸಂಸತ್ತು.

ಶಾಲೆಯ ಮಗುವನ್ನು ನೋಡಿದರೆ ಈ ವ್ಯವಸ್ಥೆಯ ಬಲವೂ ಭಾರವೂ ಎರಡೂ ತಿಳಿಯುತ್ತವೆ. ಶಿಶುವಿಹಾರದಲ್ಲಿ ಆಟಪಾಠ ಲಕ್ಸೆಂಬರ್ಗಿಶ್‌ನಲ್ಲಿ. ಅಕ್ಷರಾಭ್ಯಾಸ ಬಹುಕಾಲದಿಂದ ಜರ್ಮನ್‌ನಲ್ಲಿ. ಎರಡನೇ ವರ್ಷದಿಂದ ಫ್ರೆಂಚ್. ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಜರ್ಮನ್‌ನಲ್ಲಿ, ಪ್ರೌಢಶಾಲೆಗೆ ಹೋದ ಮೇಲೆ ಅದೇ ಗಣಿತ ಫ್ರೆಂಚಿನಲ್ಲಿ. ಇದರ ಅರ್ಥ ಏನೆಂದು 92 ಎಂಬ ಒಂದೇ ಸಂಖ್ಯೆಯಲ್ಲಿ ನೋಡಿ. ಜರ್ಮನ್‌ನಲ್ಲಿ ಅದು ‘ಎರಡು ಮತ್ತು ತೊಂಬತ್ತು’. ಫ್ರೆಂಚಿನಲ್ಲಿ ‘ನಾಲ್ಕು ಇಪ್ಪತ್ತು ಹನ್ನೆರಡು’. ಬಿಡಿಯನ್ನು ಮೊದಲು ಹೇಳಿ ಅಭ್ಯಾಸವಾದ ನಾಲಿಗೆ, ಹನ್ನೆರಡನೇ ವಯಸ್ಸಿನ ಹೊತ್ತಿಗೆ ಇಪ್ಪತ್ತುಗಳ ಲೆಕ್ಕಕ್ಕೆ ಹೊರಳಬೇಕು. ಮನೆಯಲ್ಲಿ ಪೋರ್ಚುಗೀಸ್ ಆಡುವ ಮಗುವಿಗೆ ಇವೆಲ್ಲವೂ ಪರಭಾಷೆ. ಅಂಥ ಮಕ್ಕಳು ಜರ್ಮನ್ ಅಕ್ಷರಾಭ್ಯಾಸದಲ್ಲಿ ಹಿಂದೆ ಬೀಳುತ್ತಾರೆ ಎಂಬ ಕೊರಗು ಅಲ್ಲಿ ದಶಕಗಳಿಂದಿದೆ. ಅದಕ್ಕಾಗಿಯೇ ಮೊದಲ ಅಕ್ಷರವನ್ನು ಫ್ರೆಂಚಿನಲ್ಲಿ ಕಲಿಸುವ ಪ್ರಯೋಗವೂ 2022ರಿಂದ ಕೆಲವು ಶಾಲೆಗಳಲ್ಲಿ ಆರಂಭವಾಗಿದೆ. ಬಹುಭಾಷೆಯ ದೇಶ ಎಂದು ಮೆಚ್ಚಿಕೊಳ್ಳುವ ಪ್ರವಾಸಿ ಈ ಪುಟ್ಟ ಮಕ್ಕಳ ದುಡಿಮೆಯನ್ನೂ ನೆನೆಯಬೇಕು.

1941ರ ಅಕ್ಟೋಬರ್

1940ರ ಮೇ 10ರಂದು ಹಿಟ್ಲರನ ಸೈನ್ಯ ಲಕ್ಸೆಂಬರ್ಗನ್ನು ಆಕ್ರಮಿಸಿತು. ಇಲ್ಲಿನವರು ಜರ್ಮನ್ ರಕ್ತದವರೇ, ಅವರ ಮಾತು ಜರ್ಮನ್‌ನ ಒಂದು ಉಪಭಾಷೆ ಅಷ್ಟೇ ಎಂಬುದು ಆಕ್ರಮಣಕಾರರ ವಾದ. ಕೆಲವೇ ತಿಂಗಳಲ್ಲಿ ಫ್ರೆಂಚನ್ನು ನಿಷೇಧಿಸಿದರು. ಬೀದಿಯ ಹೆಸರು, ಅಂಗಡಿಯ ಹೆಸರು, ಕೊನೆಗೆ ಮನುಷ್ಯರ ಹೆಸರನ್ನೂ ಜರ್ಮನ್‌ಗೆ ತಿರುಗಿಸಿದರು. ‘ಮೆರ್ಸಿ’ ಎಂಬ ಧನ್ಯವಾದದ ಪದ ಮೂಲದಲ್ಲಿ ಫ್ರೆಂಚಿನದಾದರೂ ಲಕ್ಸೆಂಬರ್ಗಿಶ್‌ನ ಒಳಗೇ ಸೇರಿಹೋಗಿತ್ತು. ಅದಕ್ಕೂ ಕುತ್ತು ಬಂತು.

1941ರ ಅಕ್ಟೋಬರ್ 10ಕ್ಕೆ ಒಂದು ಗಣತಿ ಗೊತ್ತುಮಾಡಿದರು. ಫಾರಂನಲ್ಲಿ ಮೂರು ಮುಖ್ಯ ಪ್ರಶ್ನೆಗಳಿದ್ದವು: ನಿಮ್ಮ ರಾಷ್ಟ್ರೀಯತೆ ಯಾವುದು, ಮಾತೃಭಾಷೆ ಯಾವುದು, ಜನಾಂಗ ಯಾವುದು. ಲಕ್ಸೆಂಬರ್ಗಿಶ್ ಒಂದು ಉಪಭಾಷೆ, ಅದನ್ನು ಮಾತೃಭಾಷೆಯೆಂದು ಬರೆಯುವಂತಿಲ್ಲ ಎಂಬ ಸೂಚನೆಯೂ ಇತ್ತು. ‘ಜರ್ಮನ್’ ಎಂದು ಜನ ಬರೆದರೆ ದೇಶವನ್ನು ನುಂಗಲು ಜನರದೇ ಸಹಿ ಸಿಕ್ಕಂತೆ. ಭೂಗತ ಪ್ರತಿರೋಧದವರು ಕೈಯಿಂದ ಕೈಗೆ ಕರಪತ್ರ ದಾಟಿಸಿದರು: ಮೂರೂ ಪ್ರಶ್ನೆಗೆ ಒಂದೇ ಉತ್ತರ, ಮೂರು ಬಾರಿ ಲಕ್ಸೆಂಬರ್ಗಿಶ್. ಮುಂಚಿತವಾಗಿ ನಡೆಸಿದ ಮಾದರಿ ಎಣಿಕೆಯಲ್ಲಿ ಬಹುಪಾಲು ಜನ ಹಾಗೆಯೇ ಬರೆದಿದ್ದು ಕಂಡು ಆಡಳಿತಗಾರ ಗುಸ್ಟಾಫ್ ಸಿಮೋನ್ ಇಡೀ ಗಣತಿಯನ್ನೇ ಕೈಬಿಡಬೇಕಾಯಿತು. ಮರುವರ್ಷ ಯುವಕರನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸುವ ಆಜ್ಞೆ ಬಂದಾಗ, ವಿಲ್ಟ್ಸ್ ಪಟ್ಟಣದಿಂದ ಆರಂಭಿಸಿ ದೇಶವೇ ಮುಷ್ಕರ ಹೂಡಿತು. ಅದಕ್ಕಾಗಿ 21 ಜನರನ್ನು ಕೊಂದರು.

ರಾಜಧಾನಿಯ ಸಂವಿಧಾನ ಚೌಕದಲ್ಲಿ ಎತ್ತರದ ಕಂಬದ ಮೇಲೆ ಬಂಗಾರ ಬಣ್ಣದ ಹೆಣ್ಣಿನ ಪ್ರತಿಮೆ ಕಾಣುತ್ತದೆ. ಹೆಸರು ‘ಗೆಲೆ ಫ್ರಾ’, ಚಿನ್ನದ ಹೆಂಗಸು. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ 1923ರಲ್ಲಿ ನಿಲ್ಲಿಸಿದ್ದು. 1940ರಲ್ಲಿ ನಾಜಿಗಳು ಅದನ್ನು ಕೆಡವಿದರು. ಪ್ರತಿಮೆ ಎಲ್ಲಿ ಹೋಯಿತೆಂದು ದಶಕಗಳ ಕಾಲ ತಿಳಿಯಲಿಲ್ಲ. 1980ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ಸಿಕ್ಕಿತು. 1985ರಲ್ಲಿ ಮತ್ತೆ ಅದನ್ನು ಕಂಬಕ್ಕೇರಿಸಿದರು. ಹೆಚ್ಚಿನ ಪ್ರವಾಸಿಗರು ಅದರ ಬುಡದಲ್ಲಿ ನಿಂತು ಕಣಿವೆಯ ಫೋಟೋ ತೆಗೆಯುತ್ತಾರೆ. ಒಮ್ಮೆ ಕತ್ತೆತ್ತಿ ಅವಳನ್ನೂ ನೋಡಿ.

ಊರಿಗೆ ಎರಡು ಹೆಸರು

ರಸ್ತೆಯ ಫಲಕಗಳಲ್ಲಿ ಮೇಲೆ ಫ್ರೆಂಚ್ ರೂಪ, ಕೆಳಗೆ ಸಣ್ಣ ಅಕ್ಷರದಲ್ಲಿ ಲಕ್ಸೆಂಬರ್ಗಿಶ್ ರೂಪ. ಕ್ಲೆರ್ವೋ ಎಂದರೂ ಕ್ಲಿಯೆರ್ಫ್ ಎಂದರೂ ಒಂದೇ ಊರು. ದುದ್‌ಲಾಂಜ್ ಎಂಬುದೇ ದಿದೆಲೆಂಗ್. ವಿಯಾಂಡೆನ್ ಊರಿನವರ ಬಾಯಲ್ಲಿ ಫೈಯಾನೆನ್. ಹಲವು ಊರುಗಳಿಗೆ ಮೂರನೆಯದಾಗಿ ಜರ್ಮನ್ ಹೆಸರೂ ಇದೆ. ಮಂಗಳೂರಿಗೆ ತುಳುವರು ಕುಡ್ಲ ಎಂದೂ ಕೊಂಕಣಿಗರು ಕೊಡಿಯಾಲ್ ಎಂದೂ ಕರೆಯುವುದನ್ನು ಕೇಳಿ ಬೆಳೆದವರು ಗಾಬರಿಯಾಗಬೇಕಿಲ್ಲ. ಆದರೆ ಜರ್ಮನಿಯ ಟ್ರಿಯರ್ ಕಡೆಯಿಂದ ಜರ್ಮನ್ ನಕ್ಷೆ ಹಿಡಿದು ಬರುವವರು ರೈಲಿನ ವೇಳಾಪಟ್ಟಿಯಲ್ಲಿ ಯಾವ ರೂಪವಿದೆ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ರಾಜಧಾನಿ: ಬಂಡೆಯ ಮೇಲೆ, ಬಂಡೆಯ ಒಳಗೆ

ಲಕ್ಸೆಂಬರ್ಗ್ ನಗರವನ್ನು ಸಮತಟ್ಟು ಊರೆಂದು ಭಾವಿಸಿ ಹೋದವರಿಗೆ ಮೊದಲ ನೋಟಕ್ಕೇ ಉಸಿರು ನಿಲ್ಲುತ್ತದೆ. ಪೆತ್ರುಸ್ ಮತ್ತು ಆಲ್ಜೆಟ್ ಎಂಬೆರಡು ಸಣ್ಣ ನದಿಗಳು ಮರಳುಗಲ್ಲನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿವೆ. ಮೇಲೂರು ಬಂಡೆಯ ನೆತ್ತಿಯಲ್ಲಿ; ಗ್ರುಂಡ್, ಫಾಫೆನ್‌ತಾಲ್, ಕ್ಲಾಸೆನ್ ಎಂಬ ಕೆಳಗಿನ ಕೇರಿಗಳು ನದಿಯ ಬದಿಯಲ್ಲಿ. ಮೇಲಿನ ಕಟ್ಟೆಗೆ ಒರಗಿ ನಿಂತರೆ ಕೆಳಗಿನ ಮನೆಗಳ ಕಪ್ಪು ಹಂಚಿನ ಮಾಡು, ಹಿತ್ತಿಲಿನ ತರಕಾರಿ ಮಡಿ, ಒಣಹಾಕಿದ ಬಟ್ಟೆ, ಎಲ್ಲವೂ ಅಂಗೈಯಲ್ಲಿಟ್ಟಂತೆ ಕಾಣುತ್ತದೆ.

963ರಲ್ಲಿ ಸೀಗ್‌ಫ್ರೀಡ್ ಎಂಬ ದೊರೆ ಟ್ರಿಯರಿನ ಮಠದೊಡನೆ ಭೂಮಿ ವಿನಿಮಯ ಮಾಡಿಕೊಂಡು ಬೊಕ್ ಎಂಬ ಬಂಡೆಯನ್ನು ಪಡೆದ. ಅಲ್ಲಿದ್ದ ಪುಟ್ಟ ಕೋಟೆಯ ಹೆಸರಿನಿಂದಲೇ ದೇಶದ ಹೆಸರು ಬಂತು. ಅವನ ಹೆಂಡತಿ ಮೆಲುಸಿನಾ ಮತ್ಸ್ಯಕನ್ಯೆ, ಗುಟ್ಟು ಬಯಲಾದ ದಿನ ಆಲ್ಜೆಟ್ ನದಿಯಲ್ಲಿ ಮರೆಯಾದಳು ಎಂಬ ಕಥೆಯನ್ನು ಅಲ್ಲಿನ ಮಕ್ಕಳೆಲ್ಲ ಕೇಳಿ ಬೆಳೆಯುತ್ತಾರೆ.

ಆ ಬಂಡೆಯನ್ನು ಮುಂದೆ ಸ್ಪೇನಿನವರು, ಫ್ರೆಂಚರು, ಆಸ್ಟ್ರಿಯನ್ನರು, ಪ್ರಷ್ಯನ್ನರು ಒಬ್ಬರಾದ ಮೇಲೊಬ್ಬರು ಹಿಡಿದು ಬಲಪಡಿಸಿದರು. 1684ರಲ್ಲಿ ಮುತ್ತಿಗೆ ಹಾಕಿ ಗೆದ್ದ ಫ್ರೆಂಚ್ ಎಂಜಿನಿಯರ್ ವೋಬಾನ್ ಕೋಟೆಯನ್ನು ಹೊಸದಾಗಿ ವಿಸ್ತರಿಸಿದ. ಬಂಡೆಯ ಒಳಗೆ ಸುರಂಗ ತೋಡುವ ಕೆಲಸ 1644ರಲ್ಲಿ ಸ್ಪೇನಿನವರ ಕಾಲದಲ್ಲಿ ಶುರುವಾಗಿ, ಒಟ್ಟು 23 ಕಿಲೋಮೀಟರಿನಷ್ಟಾಯಿತು. ‘ಉತ್ತರದ ಜಿಬ್ರಾಲ್ಟರ್’ ಎಂಬ ಹೆಸರು ಸುಮ್ಮನೆ ಬರಲಿಲ್ಲ. 1867ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ಈ ಕೋಟೆಗಾಗಿ ಯುದ್ಧಕ್ಕೆ ನಿಂತಾಗ, ಲಂಡನ್ ಒಪ್ಪಂದವು ದೇಶವನ್ನು ತಟಸ್ಥವೆಂದು ಸಾರಿ, ಕೋಟೆಯನ್ನು ಕೆಡವಲು ಹೇಳಿತು. ಗೋಡೆಗಳನ್ನು ಕೆಡವಿದರು, ಸುರಂಗಗಳನ್ನು ಪೂರ್ತಿ ಸ್ಫೋಟಿಸಿದರೆ ಮೇಲಿನ ಊರೇ ಕುಸಿಯುತ್ತದೆಂದು ಸುಮಾರು 17 ಕಿಲೋಮೀಟರ್ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ಬಾಂಬಿನಿಂದ ತಪ್ಪಿಸಿಕೊಳ್ಳಲು ಜನರಿಗೆ ಅದೇ ಆಸರೆಯಾಯಿತು. 1994ರಲ್ಲಿ ಹಳೆಯ ಊರೂ ಕೋಟೆಯ ಅವಶೇಷಗಳೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಬೊಕ್ ಸುರಂಗದೊಳಗೆ ಇಳಿಯುವಾಗ ತೆಳು ಸ್ವೆಟರ್ ಇರಲಿ, ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ. ಕಲ್ಲಿನ ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿನವರು ಯೋಚಿಸಿ ಇಳಿಯಬೇಕು. ತೋಪುಗಳನ್ನಿಟ್ಟಿದ್ದ ಕಿಂಡಿಗಳಿಂದ ಬೆಳಕು ಚೌಕವಾಗಿ ಒಳಗೆ ಬೀಳುತ್ತದೆ. ಕಿಂಡಿಯ ಆಚೆ ಹಸಿರು ಕಣಿವೆ, ನದಿ, ಗ್ರುಂಡ್‌ನ ಹಳೆಯ ಮಠ. ಅಲ್ಲಿಂದ ಹೊರಬಂದು ಕೊರ್ನೀಷ್ ಎಂಬ ಗೋಡೆಯಂಚಿನ ದಾರಿಯಲ್ಲಿ ನಡೆಯಿರಿ. ಕೆಳಗಿಳಿಯಲು, ಮೇಲೆ ಹತ್ತಲು ಊರಿನವರು ಬಳಸುವುದು ಲಿಫ್ಟ್. ಗ್ರುಂಡ್‌ಗೆ ಬಂಡೆಯೊಳಗೇ ಒಂದಿದೆ. ಫಾಫೆನ್‌ತಾಲ್‌ಗೆ 2016ರಲ್ಲಿ ಆರಂಭವಾದ 71 ಮೀಟರ್ ಎತ್ತರದ ಗಾಜಿನ ಲಿಫ್ಟ್ ಇದೆ. ಎರಡಕ್ಕೂ ಕಾಸು ಕೊಡಬೇಕಿಲ್ಲ. ಸಂತೆ ಚೀಲ ಹಿಡಿದ ಅಮ್ಮಂದಿರು, ಸೈಕಲ್ ತಳ್ಳಿಕೊಂಡ ಹುಡುಗರು ನಿಮ್ಮ ಪಕ್ಕದಲ್ಲೇ ನಿಲ್ಲುತ್ತಾರೆ.

1900ರಿಂದ 1903ರವರೆಗೆ ಕಟ್ಟಿದ ಅಡಾಲ್ಫ್ ಸೇತುವೆಯ ನಡುವಿನ ಕಮಾನು 84.65 ಮೀಟರ್ ಅಗಲವಿದ್ದು, ಆ ಕಾಲಕ್ಕೆ ಕಲ್ಲಿನ ಕಮಾನುಗಳಲ್ಲಿ ಜಗತ್ತಿನಲ್ಲೇ ದೊಡ್ಡದಾಗಿತ್ತು. ಈಗ ಮೇಲೆ ಟ್ರಾಮ್ ಓಡುತ್ತದೆ. ರಸ್ತೆಯ ಅಡಿಯಲ್ಲಿ ಕಮಾನುಗಳ ನಡುವೆ ತೂಗುಹಾಕಿದ ಸೈಕಲ್ ದಾರಿ ಇದೆ. ಮೇಲಿನಿಂದ ದಾಟಿ, ಕೆಳಗಿನಿಂದ ಮರಳಿ ಬರಬಹುದು.

ಕಿರ್ಷ್‌ಬರ್ಗ್ ಎಂಬ ಎದುರು ಬೆಟ್ಟ ಬೇರೆಯೇ ಲೋಕ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಬ್ಯಾಂಕುಗಳ ಗಾಜಿನ ಕಟ್ಟಡಗಳು, 823 ಬಿಳಿ ಕಂಬಗಳ ಸಂಗೀತ ಭವನ, ಐ. ಎಂ. ಪೇ ವಿನ್ಯಾಸ ಮಾಡಿದ ಆಧುನಿಕ ಕಲೆಯ ವಸ್ತುಸಂಗ್ರಹಾಲಯ. ಒಕ್ಕೂಟದ 24 ಅಧಿಕೃತ ಭಾಷೆಗಳಿಗೂ ಅಲ್ಲಿ ಅನುವಾದಕರಿದ್ದಾರೆ. ಆ 24ರಲ್ಲಿ ಲಕ್ಸೆಂಬರ್ಗಿಶ್ ಇಲ್ಲ. ತನ್ನ ನೆಲದಲ್ಲೇ ಕಟ್ಟಿದ ಆ ನ್ಯಾಯಾಲಯದಲ್ಲಿ ಆ ಮಾತು ಕಾರಿಡಾರಿನ ಮಾತಷ್ಟೇ.

ಟಿಕೆಟ್ ಇಲ್ಲದ ಪ್ರಯಾಣ

2020ರ ಫೆಬ್ರವರಿ 29ರಿಂದ ದೇಶದೊಳಗೆ ಬಸ್, ರೈಲು, ಟ್ರಾಮ್ ಎಲ್ಲವೂ ಉಚಿತ. ನಿವಾಸಿ, ಪ್ರವಾಸಿ ಎಂಬ ಭೇದವಿಲ್ಲ, ಪಾಸು ಬೇಕಿಲ್ಲ, ಆಪ್ ಬೇಕಿಲ್ಲ. ಹತ್ತಿ ಕೂರುವುದು, ಇಳಿಯುವುದು. ಇಡೀ ದೇಶದಲ್ಲಿ ಹೀಗೆ ಮಾಡಿದ್ದು ಜಗತ್ತಿನಲ್ಲಿ ಇದೇ ಮೊದಲು. ಎರಡು ಎಚ್ಚರಿಕೆ: ರೈಲಿನ ಮೊದಲ ದರ್ಜೆಗೆ ಹಣ ಕೊಡಬೇಕು, ಗಡಿ ದಾಟಿ ಹೋಗುವುದಾದರೆ ಗಡಿಯಾಚೆಯ ದಾರಿಗೆ ಟಿಕೆಟ್ ಬೇಕು. ಫಿಂಡೆಲ್ ವಿಮಾನ ನಿಲ್ದಾಣದವರೆಗೂ 2025ರ ಮಾರ್ಚ್‌ನಿಂದ ಟ್ರಾಮ್ ಇದೆ. ರಾಜಧಾನಿಯಲ್ಲಿ ಹೋಟೆಲು ತುಂಬ ದುಬಾರಿ. ಪ್ರಯಾಣ ಉಚಿತವಾದ್ದರಿಂದ ಎತ್ತೆಲ್‌ಬ್ರುಕ್ಕಿನಂಥ ಸಣ್ಣ ಊರಿನಲ್ಲಿ ಉಳಿದು ದಿನಾ ರೈಲಿನಲ್ಲಿ ಓಡಾಡುವುದು ಜಾಣತನ.

ಕೆಂಪು ಮಣ್ಣಿನ ದಕ್ಷಿಣ

ಎಶ್, ದಿಫೆರ್‌ದಾಂಜ್, ದುದ್‌ಲಾಂಜ್ ಊರುಗಳ ಸುತ್ತಲಿನ ಮಣ್ಣು ಸಂಡೂರಿನ ಮಣ್ಣನ್ನು ನೆನಪಿಸುವಷ್ಟು ಕೆಂಪು. ಈ ಸೀಮೆಗೆ ಮಿನೆಟ್ ಎಂದು ಹೆಸರು. ಇಲ್ಲಿನ ಅದಿರಿನಲ್ಲಿ ರಂಜಕ ಹೆಚ್ಚಿದ್ದುದರಿಂದ ಒಳ್ಳೆಯ ಉಕ್ಕು ತಯಾರಾಗುತ್ತಿರಲಿಲ್ಲ. ರಂಜಕವನ್ನು ಬೇರ್ಪಡಿಸುವ ಥಾಮಸ್ ವಿಧಾನ 1879ರಲ್ಲಿ ಇಲ್ಲಿಗೆ ಬಂದ ಮೇಲೆ, ಬಡತನದಿಂದ ಅಮೆರಿಕಕ್ಕೆ ವಲಸೆ ಹೋಗುತ್ತಿದ್ದ ದೇಶಕ್ಕೆ ಹೊರಗಿನವರು ವಲಸೆ ಬರತೊಡಗಿದರು. ಮೊದಲು ಇಟಲಿಯವರು ಬಂದರು; ದುದ್‌ಲಾಂಜ್‌ನಲ್ಲಿ ಅವರ ಕೇರಿ ಇಂದಿಗೂ ಇದೆ. 1960ರ ದಶಕದಿಂದ ಪೋರ್ಚುಗೀಸರು ಬಂದರು, ಈಗ ವಿದೇಶಿಯರಲ್ಲಿ ಅವರೇ ಅತಿ ಹೆಚ್ಚು. ಮೂರು ಭಾಷೆಯ ದೇಶದಲ್ಲಿ ನಾಲ್ಕನೆಯದನ್ನು ಕಾನೂನು ಎಣಿಸದಿದ್ದರೂ ಕಿವಿ ಎಣಿಸುತ್ತದೆ.

ಗಣಿಗಳು 1981ರಲ್ಲಿ ಮುಚ್ಚಿದವು. ಬೆಲ್ವಾಲ್ ಎಂಬಲ್ಲಿನ ಕೊನೆಯ ಊದುಕುಲುಮೆ 1997ರಲ್ಲಿ ಆರಿತು. ಅದನ್ನು ಗುಜರಿಗೆ ಹಾಕದೆ ಉಳಿಸಿಕೊಂಡು, ತುಕ್ಕು ಹಿಡಿದ ಆ ದೈತ್ಯ ಕುಲುಮೆಗಳ ಬುಡದಲ್ಲೇ ವಿಶ್ವವಿದ್ಯಾಲಯ ಕಟ್ಟಿದ್ದಾರೆ. ಪುಸ್ತಕ ಹಿಡಿದ ವಿದ್ಯಾರ್ಥಿಗಳು ಅಜ್ಜಂದಿರು ಬೆವರು ಸುರಿಸಿದ ಜಾಗದಲ್ಲಿ ಓಡಾಡುವುದನ್ನು ನೋಡಲಿಕ್ಕೇ ಅರ್ಧ ದಿನ ಕೊಡಬಹುದು.

ಪೂರ್ವಕ್ಕೂ ಉತ್ತರಕ್ಕೂ

ಎಕ್ಟರ್ನಾಖ್ ಈ ದೇಶದ ಅತಿ ಹಳೆಯ ಪಟ್ಟಣ. 698ರಲ್ಲಿ ವಿಲ್ಲಿಬ್ರೋರ್ಡ್ ಎಂಬ ಸಂತ ಇಲ್ಲಿ ಮಠ ಕಟ್ಟಿದ. ಅವನ ಸಮಾಧಿ ಇಗರ್ಜಿಯ ನೆಲಮಾಳಿಗೆಯಲ್ಲಿದೆ. ಈಸ್ಟರ್ ಕಳೆದ ಏಳು ವಾರದ ಬಳಿಕ ಬರುವ ಮಂಗಳವಾರ ಸಾವಿರಾರು ಜನ ಬಿಳಿ ಕರವಸ್ತ್ರದ ತುದಿ ಹಿಡಿದು ಸಾಲುಸಾಲಾಗಿ, ಒಂದೇ ರಾಗಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗಿಯುತ್ತಾ ಸಮಾಧಿಯವರೆಗೆ ಸಾಗುತ್ತಾರೆ. 2010ರಲ್ಲಿ ಇದಕ್ಕೆ ಯುನೆಸ್ಕೋ ಮನ್ನಣೆ ಸಿಕ್ಕಿತು. ಮೆರವಣಿಗೆಗೆ ಗಡಿಯಾಚೆಯ ಜರ್ಮನ್ ಹಳ್ಳಿಗಳವರೂ ಬರುತ್ತಾರೆ. ಊರ ಸುತ್ತಲಿನ ಮುಲ್ಲರ್‌ತಾಲ್ ಬಂಡೆಗಾಡಿನಲ್ಲಿ ಒಟ್ಟು 112 ಕಿಲೋಮೀಟರ್ ಉದ್ದದ ಕಾಲುದಾರಿಯಿದೆ. ಮೈ ಓರೆ ಮಾಡಿ ತೂರಬೇಕಾದ ಬಂಡೆಯ ಸಂದುಗಳಿವೆ, ಪಾಚಿ ಒದ್ದೆಯಾಗಿ ಜಾರುತ್ತದೆ, ಚಪ್ಪಲಿ ಸಾಲದು.

ವಿಯಾಂಡೆನ್‌ನ ಬೆಟ್ಟದ ಕೋಟೆಯನ್ನು 1977ರಲ್ಲಿ ಸರ್ಕಾರ ವಹಿಸಿಕೊಂಡು ದುರಸ್ತಿ ಮಾಡಿತು. ಫ್ರಾನ್ಸಿನ ಸಾಹಿತಿ ವಿಕ್ಟರ್ ಹ್ಯೂಗೋ 1871ರಲ್ಲಿ ಕೆಲಕಾಲ ಈ ಊರಿನ ಸೇತುವೆ ಪಕ್ಕದ ಮನೆಯಲ್ಲಿ ಉಳಿದಿದ್ದರು. ನನಗೆ ಕೋಟೆಗಿಂತ ಹೆಚ್ಚು ಮುಖ್ಯವೆನಿಸುವುದು ಉತ್ತರದ ಕ್ಲೆರ್ವೋ. ಲಕ್ಸೆಂಬರ್ಗಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಎಡ್ವರ್ಡ್ ಸ್ಟೈಕನ್ 1955ರಲ್ಲಿ ನ್ಯೂಯಾರ್ಕಿನಲ್ಲಿ ಏರ್ಪಡಿಸಿದ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಛಾಯಾಚಿತ್ರ ಪ್ರದರ್ಶನ ಈಗ ಕ್ಲೆರ್ವೋ ಕೋಟೆಯಲ್ಲಿ ಕಾಯಂ ನೆಲೆಸಿದೆ. 68 ದೇಶಗಳ 503 ಚಿತ್ರಗಳು: ಹೆರಿಗೆ, ಆಟ, ದುಡಿಮೆ, ಊಟ, ಸಾವು. ಮಾತೇ ಬೇಡದ ಆ ಕೋಣೆಗಳಲ್ಲಿ ನಮ್ಮ ದೇಶದ ಮುಖಗಳೂ ಇವೆ.

ಆಲೂಗಡ್ಡೆಗೆ ನಾಲ್ಕು ಹೆಸರು

ಉತ್ಸವದ ಮೈದಾನದಲ್ಲಿ, ಅದರಲ್ಲೂ ಆಗಸ್ಟ್ ಕೊನೆಗೆ ಶುರುವಾಗುವ ಶೂಬರ್‌ಫೋರ್ ಜಾತ್ರೆಯಲ್ಲಿ (ಇದು 1340ರಿಂದ ಬಂದದ್ದು) ಎಣ್ಣೆ ಕಾದ ಘಮ ಹಿಡಿದು ಹೋದರೆ ಗ್ರೊಂಪರೆಕಿಶೆಲ್‌ಶರ್ ಸಿಗುತ್ತದೆ. ತುರಿದ ಆಲೂಗಡ್ಡೆಗೆ ಈರುಳ್ಳಿ, ಪಾರ್ಸ್ಲಿ ಸೊಪ್ಪು, ಮೊಟ್ಟೆ, ಸ್ವಲ್ಪ ಹಿಟ್ಟು ಕಲಸಿ ವಡೆಯ ಹಾಗೆ ತಟ್ಟಿ ಕರಿದದ್ದು. ಅಂಚು ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಸೇಬಿನ ಗೊಜ್ಜು. ಆಲೂಗಡ್ಡೆಗೆ ಲಕ್ಸೆಂಬರ್ಗಿಶ್‌ನಲ್ಲಿ ‘ಗ್ರೊಂಪರ್’, ಅಂದರೆ ನೆಲದ ಪಿಯರ್ ಹಣ್ಣು. ಫ್ರೆಂಚಿನಲ್ಲಿ ನೆಲದ ಸೇಬು. ಜರ್ಮನ್‌ನಲ್ಲಿ ‘ಕಾರ್ಟೋಫೆಲ್’. ಅಂಗಡಿಯಲ್ಲಿ ಕರಿಯುತ್ತಿರುವವರು ಪೋರ್ಚುಗೀಸರಾದರೆ ಅವರಿಗದು ‘ಬಟಾಟ’. ನಮ್ಮ ಕರಾವಳಿಯ ಅಡುಗೆಮನೆಗಳ ಬಟಾಟೆ ಬಂದದ್ದೂ ಅದೇ ಪೋರ್ಚುಗೀಸರಿಂದ. ಕುಂದಾಪುರದವರೋ ಕಾರವಾರದವರೋ ಆ ಅಂಗಡಿಯ ಮುಂದೆ ನಿಂತು ಈ ಒಂದು ಪದ ಹೇಳಿದರೆ ಸಾಕು, ಅರ್ಥವಾಗುತ್ತದೆ.

ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಇಲ್ಲಿನ ಹೆಸರಾಂತ ಊಟ ‘ಯುಡ್ ಮತ್ ಗಾರ್ಡೆಬೌನೆನ್’, ಹೊಗೆಯಾಡಿಸಿದ ಹಂದಿಮಾಂಸ ಮತ್ತು ಅವರೆಯಂಥ ಕಾಳು. ‘ಬೌನೆಶ್ಲುಪ್’ ಎಂಬ ಹುರುಳಿಕಾಯಿ ಸಾರು ಕೇಳಲು ಸಾತ್ವಿಕ. ಹೆಚ್ಚಿನ ಕಡೆ ಅದರಲ್ಲೂ ಹಂದಿಮಾಂಸದ ಚೂರುಗಳಿರುತ್ತವೆ. ಸೆಪ್ಟೆಂಬರ್‌ನಲ್ಲಿ ಹೋದವರು ನೇರಳೆ ಬಣ್ಣದ ಪ್ಲಮ್ ಹಣ್ಣಿನ ‘ಕ್ವೆಚೆನ್‌ಟಾರ್ಟ್’ ತಿನ್ನದೆ ಬರಬಾರದು.

ಹೊರಡುವ ಮುನ್ನ

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಹೋಗುವುದು ವಾಡಿಕೆ. ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಎರಡು ತಾಸು ಚಿಲ್ಲರೆ. ಹಣ ಯೂರೋ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹವೆ ಚೆನ್ನಾಗಿರುತ್ತದೆ, ಆದರೂ ಕೊಡೆ ಇರಲಿ. ತುರ್ತು ಕರೆಗೆ 112. ಜೂನ್ 23 ರಾಷ್ಟ್ರೀಯ ದಿನ. ಹಿಂದಿನ ರಾತ್ರಿ ರಾಜಧಾನಿಯಲ್ಲಿ ಸಿಡಿಮದ್ದಿನ ಸಂಭ್ರಮ.

ಇಂಗ್ಲಿಷ್ ರಾಜಧಾನಿಯಲ್ಲಿ ಸಾಕಷ್ಟು ನಡೆಯುತ್ತದೆ. ನಗರದಲ್ಲೂ ದಕ್ಷಿಣದಲ್ಲೂ ಫ್ರೆಂಚ್ ತಿಳಿದಿದ್ದರೆ ಅನುಕೂಲ. ಉತ್ತರದ ಹಳ್ಳಿಗಳಲ್ಲಿ, ಜರ್ಮನ್ ಗಡಿಯ ಬದಿಯಲ್ಲಿ ಜರ್ಮನ್ ಹೆಚ್ಚು ಒದಗುತ್ತದೆ. ಯಾವ ಭಾಷೆಯಲ್ಲಿ ಮುಂದುವರಿದರೂ ಮೊದಲ ಪದ ‘ಮೊಯೆನ್’ ಇರಲಿ, ಕೊನೆಯದು ‘ಮೆರ್ಸಿ’, ಹೊರಡುವಾಗ ‘ಎಡ್ಡಿ’. ಅಲ್ಲಿನ ಪೌರತ್ವ ಬೇಕೆನ್ನುವವರು ಸಾಮಾನ್ಯವಾಗಿ ಲಕ್ಸೆಂಬರ್ಗಿಶ್ ಮಾತಿನ ಪರೀಕ್ಷೆಗೆ ಕೂರಬೇಕು. ನಮ್ಮಿಂದ ಕೇಳುವುದು ಮೂರು ಪದ.

ಶೆಂಗೆನ್

ಈ ಪ್ರವಾಸಕ್ಕೆಂದು ನಿಮ್ಮ ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾಕ್ಕೆ ಒಂದು ಹಳ್ಳಿಯ ಹೆಸರಿದೆ. ಯಾವುದೇ 180 ದಿನಗಳಲ್ಲಿ 90 ದಿನ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಓಡಾಡಲು ಅನುಮತಿ ಕೊಡುವ ಆ ಹೆಸರಿನ ಊರು ಲಕ್ಸೆಂಬರ್ಗಿನ ಆಗ್ನೇಯ ಮೂಲೆಯಲ್ಲಿ, ಮೊಸೆಲ್ ದಂಡೆಯ ದ್ರಾಕ್ಷಿ ತೋಟಗಳ ಕೆಳಗಿದೆ. ಜರ್ಮನಿ, ಫ್ರಾನ್ಸ್, ಲಕ್ಸೆಂಬರ್ಗ್ ಮೂರೂ ಸೇರುವ ಜಾಗವದು. 1985ರ ಜೂನ್ 14ರಂದು ಈ ಮೂರು ದೇಶಗಳ ಜೊತೆ ಬೆಲ್ಜಿಯಂ, ನೆದರ್ಲೆಂಡ್ಸ್ ಪ್ರತಿನಿಧಿಗಳು ಇಲ್ಲಿ ‘ಪ್ರಿನ್ಸೆಸ್ ಮರಿ-ಆಸ್ಟ್ರಿಡ್’ ಎಂಬ ಹಡಗಿನ ಮೇಲೆ ಕುಳಿತು ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರು. ಜಾರಿಗೆ ಬಂದದ್ದು 1995ರಲ್ಲಿ. ದಂಡೆಯಲ್ಲಿ ಒಂದು ಪುಟ್ಟ ವಸ್ತುಸಂಗ್ರಹಾಲಯವಿದೆ; ಹಳೆಯ ಗಡಿ ಅಧಿಕಾರಿಗಳ ಟೋಪಿಗಳನ್ನು ಅಲ್ಲಿ ಸಾಲಾಗಿ ಇಟ್ಟಿದ್ದಾರೆ.

ಲಕ್ಸೆಂಬರ್ಗಿಗೂ ಜರ್ಮನಿಗೂ ನಡುವೆ ಹರಿಯುವಷ್ಟು ದೂರ ಮೊಸೆಲ್ ನದಿಯನ್ನು ನಡುವೆ ಗೆರೆ ಎಳೆದು ಹಂಚಿಕೊಂಡಿಲ್ಲ. ಇಡೀ ನೀರು ಇಬ್ಬರದೂ. ಸೇತುವೆಯ ಮೇಲೆ ಕಾಲ್ನಡಿಗೆಯಲ್ಲಿ ಐದಾರು ನಿಮಿಷ ನಡೆದರೆ ಆಚೆ ದಂಡೆಯಲ್ಲಿ ಪೆರ್ಲ್ ಎಂಬ ಜರ್ಮನ್ ಊರು. ಯಾರೂ ತಡೆಯದ ದಿನ, ಪಾಸ್‌ಪೋರ್ಟ್ ಕಿಸೆಯಲ್ಲೇ ಇಟ್ಟುಕೊಂಡು ಅಷ್ಟು ದೂರ ಹೋಗಿ ಬನ್ನಿ. ಪೆರ್ಲ್‌ನಲ್ಲಿ ಬೆಂಚಿನ ಮೇಲೆ ಕೂತ ಹಿರಿಯರು ತಮ್ಮೊಳಗೆ ಆಡುವ ಹಳ್ಳಿಮಾತನ್ನು ಕಿವಿಗೊಟ್ಟು ಕೇಳಿ; ಹೊಳೆಯ ಈಚೆ ನೀವು ಕೇಳಿ ಬಂದ ಮಾತೇ ಅದು, ತುಸು ರಾಗ ಬೇರೆ.